ಪಿಯಾನೋ ವಿದ್ಯೆಯೂ ಮೈರಾ ಹೆಸ್ಸಳ ಜೀವಿತವೂ

ಹೆಣ್ಣುಮಕ್ಕಳಿಗೆ ಪಿಯಾನೋ ಕಲಿಸುವುದು ಮನೆಗೆ ಬಂದ ಅತಿಥಿಗಳ ವಿನೋದಕ್ಕಾಗಿಯೇ ಎಂದೆಣಿಸುವ ತಂದೆತಾಯಿಗಳು ಅನೇಕರುಂಟು. ವಿವಾಹವಾದೊಡನೆ ವಾದ್ಯದ ಮುಚ್ಚಳವನ್ನು ಮುಚ್ಚಿಬಿಟ್ಟರೆ ನಷ್ಟವೇನೂ ಇಲ್ಲವೆಂಬುದು ಅವರ ಮತ. ಈ ಮತವು ನನಗೆ ಸಮ್ಮತವಲ್ಲವಾದುದರಿಂದ, ಇಂಗ್ಲೆಂಡಿನ ಮೈರಾ ಹೆಸ್ ಎಂಬ ವಾದಕಿಯ ವಿಷಯವಾಗಿ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ.

೧೮೯೦ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈಕೆಯು ರಾಯಲ್ ಅಕಾಡೆಮಿಯಲ್ಲಿ ಟೋಬಿಯಾಸ್ ಮ್ಯಾಥೆ ಎಂಬ ಗುರುವಿನ ಬಳಿ ಅಭ್ಯಾಸಮಾಡಿ, ೧೯೦೭ರಲ್ಲಿ ಬೀಥೋವನನ ನಾಲ್ಕನೆಯ ಕನ್ಚರ್ಟೋವನ್ನು ವಾದ್ಯವೃಂದದೊಡನೆ ಬಾರಿಸಿದಳು. ಕೀರ್ತಿಯು ಕೂಡಲೇ ಬರಲಿಲ್ಲ. ಬಹುಕಾಲ ಪಾಠ ಹೇಳಿಯೇ ಜೀವನ ಸಾಗಿಸಬೇಕಾಯಿತು. ೧೯೨೨ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಆಕೆಯ ಹೆಸರು ಹಬ್ಬಿತು.

ಆದರೆ ನಾನು ಹೆಚ್ಚಾಗಿ ಮೆಚ್ಚುವುದು ಆಕೆಯ ಚೇಂಬರ್ ಸಂಗೀತವನ್ನು. ಇದರಲ್ಲಿ ಮೂರು ನಾಲ್ಕು ಮಂದಿ ಮಾತ್ರ ಕೂಡಿ ಬಾರಿಸುವರು. ಕೋಲು ಹಿಡಿದು ನಡೆಯಿಸುವ ನಾಯಕನಿಲ್ಲ. ಒಬ್ಬೊಬ್ಬರ ಪಾಲೂ ಬೇರೆಬೇರೆ. ಪಿಯಾನೋ ಬಲಶಾಲಿಯಾದ ವಾದ್ಯವಾದುದರಿಂದ ಬಾರಿಸುವವಳು ತನ್ನ ಕೈಯನ್ನು ಹಿಡಿತದಲ್ಲಿಡದಿದ್ದರೆ ಪಿಟೀಲಿನ ದನಿ ಮುಳುಗಿಹೋಗುವುದು. ಯೆಲ್ಲಿ ದಾರಾನ್ಯಿ ಎಂಬ ಪಿಟೀಲುವಾದಕಿಯೊಡನೆ ಹೆಸ್ಸಳು ಅನೇಕ ವರ್ಷಗಳು ಹೀಗೆ ನುಡಿಸಿದಳು. ಒಬ್ಬಳೇ ಕುಳಿತು ಚಪ್ಪಾಳೆ ಗಳಿಸುವುದಕ್ಕಿಂತ, ಬೇರೊಬ್ಬಳ ಸ್ವರಕ್ಕೆ ಕಿವಿಗೊಟ್ಟು ನುಡಿಸುವುದು ಕಷ್ಟತರವೆಂದೇ ನನ್ನ ಎಣಿಕೆ. (ನಮ್ಮ ಹುಡುಗಿಯರಿಗೆ ಈ ಪಾಠವನ್ನು ಕಲಿಸುವವರು ವಿರಳ.)

೧೯೩೯ರಲ್ಲಿ ಯುದ್ಧವು ಆರಂಭವಾಗಲು ಲಂಡನ್ನಿನ ಸಂಗೀತಶಾಲೆಗಳು ಬಾಗಿಲು ಮುಚ್ಚಿದವು. ನ್ಯಾಷನಲ್ ಗ್ಯಾಲರಿಯ ಚಿತ್ರಗಳೆಲ್ಲ ದೂರಕ್ಕೆ ಸಾಗಿಸಲ್ಪಟ್ಟು ಗೋಡೆಗಳು ಬರಿದಾಗಿದ್ದವು. ಹೆಸ್ಸಳು ಅಮೆರಿಕದ ಪ್ರವಾಸವನ್ನು ಬಿಟ್ಟುಕೊಟ್ಟು, ಆ ಬರಿದಾದ ಮಂದಿರದಲ್ಲಿ ಮಧ್ಯಾಹ್ನದ ಕಛೇರಿಗಳನ್ನು ಏರ್ಪಡಿಸಿದಳು. ಪ್ರವೇಶಕ್ಕೆ ಒಂದು ಷಿಲ್ಲಿಂಗು. ಅಕ್ಟೋಬರ್ ೧೦ರಂದು ಮೊದಲನೆಯದನ್ನು ತಾನೇ ಬಾರಿಸಿದಳು. ಕೆಲವೇ ಮಂದಿ ಬಂದಾರೆಂದು ಎಣಿಸಿದ್ದಲ್ಲಿ ಸುಮಾರು ಸಾವಿರ ಜನರು ನೆರೆದರು. ಬಾಂಬುಗಳು ಬಿದ್ದಾಗ ಸಂಗೀತವು ನೆಲಮಾಳಿಗೆಗೆ ಇಳಿಯಿತು, ಆದರೆ ನಿಲ್ಲಲಿಲ್ಲ. ೧೯೪೬ರ ಏಪ್ರಿಲ್‌ವರೆಗೆ ೧,೬೯೮ ಕಛೇರಿಗಳಾದವು, ೮ ಲಕ್ಷಕ್ಕೂ ಮಿಕ್ಕಿ ಜನರು ಕೇಳಿದರು. ತನ್ನ ವಾದನಕ್ಕೆ ಆಕೆ ಸಂಭಾವನೆಯನ್ನು ತೆಗೆದುಕೊಳ್ಳಲಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆಕೆ ಯೆಹೂದ್ಯ ಮನೆತನದವಳು, ಯುದ್ಧವೋ ಜರ್ಮನಿಯೊಡನೆ. ಆದರೂ ಜರ್ಮನಿಯ ಬಾಕನನ್ನೂ ಬೀಥೋವನನನ್ನೂ ಆಕೆ ಕೈಬಿಡಲಿಲ್ಲ. ಶತ್ರುವಿನ ನಾಡಿನ ಸಂಗೀತವೆಂದು ಅದನ್ನು ತಳ್ಳಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ತಳ್ಳದೆ ಇದ್ದುದೇ ನನ್ನ ದೃಷ್ಟಿಯಲ್ಲಿ ಆಕೆಯ ಜೀವಿತದ ಅತ್ಯಂತ ಧೀರಕಾರ್ಯ.

ಆರು ವರ್ಷಗಳ ವಿದೇಶದ ಸಂಪಾದನೆ ವ್ಯರ್ಥವಾಯಿತಲ್ಲವೇ ಎಂದು ಲೆಕ್ಕ ಹಾಕುವವರಿರಬಹುದು. ಯುದ್ಧಾನಂತರ ಅಮೆರಿಕದವರು ಆಕೆಯನ್ನು ಮರಳಿ ಆದರದಿಂದ ಬರಮಾಡಿಕೊಂಡರು. ೧೯೬೧ರ ತನಕ ಸಭೆಗಳಲ್ಲಿ ನುಡಿಸಿ, ೧೯೬೫ರಲ್ಲಿ ತೀರಿಕೊಂಡಳು. ಈ ವರುಷ ಮಗಳ ಪಾಠವನ್ನು ನಿಲ್ಲಿಸಬೇಕೆಂದಿರುವ ಪೋಷಕರು, ಅದಕ್ಕೆ ಮುಂಚೆ ನೆರೆಯಲ್ಲಿ ಪಿಟೀಲು ನುಡಿಸುವ ಹುಡುಗಿಯೊಬ್ಬಳಿದ್ದಾಳೆಯೇ ಎಂದು ವಿಚಾರಿಸಿ, ಇಬ್ಬರನ್ನೂ ವಾರಕ್ಕೊಂದು ಸಾಯಂಕಾಲ ಜೊತೆಗೆ ಕೂರಿಸಿ ನೋಡಲಿ.