ಪುಷ್ಯದ ಗಾಳಿಯೂ ಸೈಕಲ್ ಸವಾರನ ಟೋಪಿಯೂ

ಬಿಸಿಲಿಗೆ ಹೆಸರಾದ ನಾಡಿನಲ್ಲಿ ಕುಳಿತು ಬೆಚ್ಚನೆಯ ಟೋಪಿಯ ವಿಚಾರವಾಗಿ ಪತ್ರಿಕೆಗೆ ಬರೆಯಹೊರಟರೆ ವಾಚಕರು ನಕ್ಕಾರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದೊಡನೆ ನಲವತ್ತು ಡಿಗ್ರಿಯನ್ನು ದಾಟಿದ ಮೇ ತಿಂಗಳ ಮಧ್ಯಾಹ್ನಗಳೂ, ಕಾದ ಪರಸಿಕಲ್ಲಿನ ಗಣಿಗಳೂ, ಬಿರುಕುಬಿಟ್ಟ ಎರೆಹೊಲಗಳೂ ಕಣ್ಣ ಮುಂದೆ ನಿಲ್ಲುತ್ತವೆಯೇ ಹೊರತು, ಚಳಿಯೆಂಬುದೊಂದು ಈ ಸೀಮೆಗೂ ಉಂಟೆಂಬ ನೆನಪು ಹೊರಗಿನವರಿಗೆ ಬರುವುದಿಲ್ಲ. ಆದರೆ ಮಾರ್ಗಶಿರ ಕಳೆದು ಪುಷ್ಯ ಕಾಲಿಡುವ ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ, ತೊಗರಿಯ ಹೊಲಗಳು ಕೊಯ್ಲಿಗೆ ಅಣಿಯಾಗಿರುವ ಹೊತ್ತಿನಲ್ಲಿ, ಬೆಳಗಿನ ಐದಕ್ಕೆ ಸೈಕಲ್ಲನ್ನು ಹೊರಗೆಳೆದವನನ್ನು ಕೇಳಿದರೆ ಉತ್ತರ ಬೇರೆಯಾಗಿರುತ್ತದೆ. ಪತ್ರಿಕೆಗಳ ಕಟ್ಟನ್ನು ಕ್ಯಾರಿಯರಿಗೆ ಬಿಗಿದುಕೊಂಡ ಹುಡುಗ, ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು ಹಳ್ಳಿಯಿಂದ ಪಟ್ಟಣಕ್ಕೆ ಬರುವವನು, ಸಿಮೆಂಟ್ ಕಾರ್ಖಾನೆಯ ಮೊದಲ ಪಾಳಿಗೆ ಧಾವಿಸುವ ಕಾರ್ಮಿಕ, 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಲಾರಂಭಿಸಿದ ಸೈಕಲ್ಲುಗಳಲ್ಲಿ ಇನ್ನೂ ಗಾಲಿ ತಿರುಗುತ್ತಿರುವ ಒಂದನ್ನು ಅಕ್ಕನಿಂದಲೋ ಅಣ್ಣನಿಂದಲೋ ಪಡೆದ ವಿದ್ಯಾರ್ಥಿನಿ — ಇವರೆಲ್ಲರ ತಲೆಯ ಮೇಲೆ ಏನಿರಬೇಕೆಂಬುದು ವಿಚಾರಯೋಗ್ಯವಾದ ಪ್ರಶ್ನೆಯೇ. ನನ್ನ ಮತವನ್ನು ಮೊದಲೇ ಹೇಳಿಬಿಡುತ್ತೇನೆ: ತೆಳುವಾದ, ತಲೆಗೆ ಒತ್ತಿ ಕೂರುವ, ಕಿವಿಯನ್ನು ಮುಚ್ಚಿಯೂ ಅದರ ಕೆಲಸಕ್ಕೆ ಅಡ್ಡಬಾರದ, ನಿಜವಾದ ಉಣ್ಣೆಯ ಟೋಪಿಯೇ ಇವರಿಗೆ ತಕ್ಕದ್ದು, ದಪ್ಪವನ್ನೇ ಬಿಸುಪೆಂದು ಮಾರುವ ಅಂಗಡಿಯ ಮಾತನ್ನು ನಂಬತಕ್ಕದ್ದಲ್ಲ.

ಸೈಕಲ್ ಸವಾರನ ಚಳಿಯಲ್ಲಿ ಒಂದು ಪಾಲು ಅವನ ಸ್ವಯಾರ್ಜಿತ. ಎಲೆ ಅಲುಗದ ಮುಂಜಾವಿನಲ್ಲಿಯೂ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಪೆಡಲ್ ತುಳಿಯುವವನು ಅಷ್ಟೇ ವೇಗದ ಗಾಳಿಯನ್ನು ತನ್ನ ಮೋರೆಯ ಮೇಲೆ ತಾನೇ ಬರಮಾಡಿಕೊಳ್ಳುತ್ತಾನೆ. ಚಿತ್ತಾಪುರದಿಂದ ಸೇಡಮಿನ ಕಡೆಗೆ ಪೂರ್ವಾಭಿಮುಖನಾಗಿ ಹೊರಟಿದ್ದರಂತೂ ಈ ಋತುವಿನ ಮೂಡಗಾಳಿಯೂ ಅದರೊಡನೆ ಸೇರಿಕೊಳ್ಳುತ್ತದೆ. 2001ರಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳ ಹವಾಮಾನ ಇಲಾಖೆಗಳು ಅಂಗೀಕರಿಸಿದ ಸೂತ್ರದಂತೆ ಲೆಕ್ಕ ಹಾಕಿದರೆ, ಉಷ್ಣಾಂಶ 10 ಡಿಗ್ರಿ ಇರುವಾಗ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬಡಿದರೆ ತೆರೆದ ಚರ್ಮಕ್ಕೆ ಅದು ಏಳು ಡಿಗ್ರಿಯಂತೆ ಭಾಸವಾಗುತ್ತದೆ. ಉತ್ತರದ ಶೀತಗಾಳಿ ಇಳಿದುಬಂದ ವರ್ಷಗಳಲ್ಲಿ ನಮ್ಮಲ್ಲಿಯೂ ಪಾದರಸ ಆ ಹತ್ತರ ನೆರೆಗೆ ಬರುವುದುಂಟು. ನಡೆದು ಹೋಗುವವನಿಗೆ ಸಹ್ಯವಾದ ಚಳಿ ಸವಾರನಿಗೆ ಏಕೆ ಕಿವಿಹಿಂಡುವ ಮೇಷ್ಟರಾಗುತ್ತದೆಂಬುದಕ್ಕೆ ಬೇರೆ ಕಾರಣ ಬೇಕಿಲ್ಲ.

ಇಲ್ಲಿ ಒಂದು ಜನಪ್ರಿಯ ಭ್ರಾಂತಿಯನ್ನು ಬದಿಗಿಡುವುದು ಒಳ್ಳೆಯದು. ದೇಹದ ಶಾಖದ ಅರ್ಧದಷ್ಟು ತಲೆಯಿಂದಲೇ ಹೊರಟುಹೋಗುತ್ತದೆಂದು ಓದಿದವರೂ ಹೇಳುವುದನ್ನು ಕೇಳಿದ್ದೇವೆ. ಅಮೆರಿಕದ ಸೇನೆಯ 1970ರ ಕೈಪಿಡಿಯೊಂದು ಈ ಪ್ರಮಾಣವನ್ನು ನೂರಕ್ಕೆ 40ರಿಂದ 45 ಎಂದು ಬರೆದಿತ್ತು. ಅದಕ್ಕೆ ಮೂಲವಾದದ್ದು, ಮೈಯನ್ನೆಲ್ಲ ಶೀತನಿರೋಧಕ ಉಡುಪಿನಲ್ಲಿ ಮುಚ್ಚಿ ತಲೆಯನ್ನಷ್ಟೇ ತೆರೆದಿಟ್ಟು ನಡೆಸಿದ ಹಳೆಯ ಪರೀಕ್ಷೆಗಳೆಂದು ತಿಳಿದವರು ಹೇಳುತ್ತಾರೆ. ತೆರೆದಿದ್ದುದು ತಲೆಯೊಂದೇ ಆದಾಗ ಶಾಖ ಮತ್ತೆಲ್ಲಿಂದ ಹೋಗಬೇಕು! ವಾಸ್ತವದಲ್ಲಿ ತಲೆಯು ದೇಹದ ಮೇಲ್ಮೈಯ ಹತ್ತನೆಯ ಒಂದಂಶವನ್ನೂ ಮೀರದು. ಅದು ಕಳೆಯುವ ಶಾಖವೂ ಹೆಚ್ಚುಕಡಿಮೆ ಅದೇ ಪ್ರಮಾಣದ್ದು. ಹಾಗಾದರೆ ಟೋಪಿಯೇತಕ್ಕೆ? ಕಿವಿಗಾಗಿ ಮತ್ತು ಹಣೆಗಾಗಿ. ಕಿವಿಯ ಹಾಲೆ ಮೃದ್ವಸ್ಥಿಯ ಮೇಲೆ ತೆಳು ಚರ್ಮವನ್ನು ಹೊದಿಸಿದ ಅಂಗ. ಅಲ್ಲಿ ಮೇದಸ್ಸೂ ಮಾಂಸವೂ ಅತ್ಯಲ್ಪ, ಗಾಳಿಗೆ ಎರಡೂ ಬದಿ ತೆರವು. ಚಳಿಯನ್ನು ಎದುರಿಸಲು ಮೈಯೊಳಗೆ ಪೆಡಲ್ ತುಳಿಯುವ ಶ್ರಮದಿಂದ ಹುಟ್ಟುವ ಶಾಖ ಧಾರಾಳವಾಗಿರುವಾಗ, ಟೋಪಿಗೆ ಉಳಿಯುವ ಕಾರ್ಯ ಈ ಎರಡು ಸ್ಥಾನಗಳನ್ನು ಕಾಯುವುದಷ್ಟೆ. ದಪ್ಪ ಟೋಪಿ ಧರಿಸಿದವನು ಎರಡು ಮೈಲಿ ಹೋಗುವಷ್ಟರಲ್ಲಿ ಬೆವರುತ್ತಾನೆ. ಬೆವರು ಟೋಪಿಯನ್ನು ಒಳಗಿನಿಂದ ತೋಯಿಸುತ್ತದೆ. ಆಮೇಲೆ ರೈಲ್ವೆ ಗೇಟು ಮುಚ್ಚಿತೆಂದು ನಿಂತ ಹತ್ತು ನಿಮಿಷದಲ್ಲಿ ಅದೇ ತೇವ ನೆತ್ತಿಗೆ ತಣ್ಣೀರ ಪಟ್ಟಿಯಾಗುತ್ತದೆ.

ತೇವದ ಮಾತು ಬಂದದ್ದರಿಂದ ಮಳೆಯ ವಿಚಾರಕ್ಕೆ ಬರೋಣ. ನಮ್ಮ ಶುದ್ಧ ಚಳಿಗಾಲ ಒಣಗಾಲವೇ ಆದರೂ, ಚಳಿಯೂ ಮಳೆಯೂ ಕೈಹಿಡಿದು ಬರುವ ದಿನಗಳು ಇಲ್ಲದಿಲ್ಲ. ಬಂಗಾಳಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತಗಳು ಅಕ್ಟೋಬರಿನಿಂದ ಡಿಸೆಂಬರಿನ ತನಕ ಒಮ್ಮೊಮ್ಮೆ ಪೂರ್ವದ ಗಡಿಯನ್ನು ದಾಟಿ ಚಿಂಚೋಳಿ, ಸೇಡಂಗಳ ಮೇಲೆ ಹಾಯುತ್ತವೆ. 2020ರ ಅಕ್ಟೋಬರ್ ಮಧ್ಯದಲ್ಲಿ ಕಾಕಿನಾಡದ ಬಳಿ ದಡ ಮುಟ್ಟಿ ತೆಲಂಗಾಣವನ್ನು ಹಾಯ್ದು ಬಂದ ಕುಸಿತವು ಕಾಗಿಣಾ, ಭೀಮಾ ನದಿಗಳನ್ನು ಉಕ್ಕಿಸಿದ್ದನ್ನು ಇಲ್ಲಿಯ ಜನ ಮರೆತಿಲ್ಲ. ಅಂಥ ದಿನಗಳ ಜಿಟಿಜಿಟಿ ಮಳೆಯಲ್ಲಿ ತಲೆಗೆ ಹತ್ತಿಯ ಟವೆಲ್ಲನ್ನು ಸುತ್ತಿಕೊಂಡು ಸೈಕಲ್ ಹತ್ತುವುದು ನಮ್ಮ ರೂಢಿ. ಒಣಚಳಿಯಲ್ಲಿ ಅದು ಕೆಟ್ಟದ್ದಲ್ಲ. ಹಿರಿಯರ ಪಟಗ ಸುತ್ತುಸುತ್ತುಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ಬಿಸಿಲನ್ನೂ ಚಳಿಯನ್ನೂ ಏಕಕಾಲಕ್ಕೆ ತಡೆಯುವ ಜಾಣ ವಸ್ತ್ರ. ಆದರೆ ಹತ್ತಿಯು ಒದ್ದೆಯಾಯಿತೆಂದರೆ ಆ ಗಾಳಿಯ ಜಾಗವನ್ನೆಲ್ಲ ನೀರು ಆಕ್ರಮಿಸುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖದ ಬಹುಪಾಲನ್ನು ತೆರುವುದು ಸವಾರನ ತಲೆ.

ಉಣ್ಣೆಯ ವೈಶಿಷ್ಟ್ಯ ಇರುವುದು ಇಲ್ಲಿ. ಅದರ ಎಳೆ ಸ್ವಭಾವತಃ ಸುರುಳಿಯಾದುದರಿಂದ ಒದ್ದೆಯಾದಾಗಲೂ ಪೂರ್ತಿ ಅಂಟಿಕೊಳ್ಳದೆ ಒಂದಿಷ್ಟು ಗಾಳಿಯನ್ನು ಉಳಿಸಿಕೊಳ್ಳುತ್ತದೆ. ತನ್ನ ತೂಕದ ಮೂರನೆಯ ಒಂದು ಪಾಲಿಗೆ ಸಮೀಪವಾದಷ್ಟು ತೇವವನ್ನು ಎಳೆಯ ಒಡಲೊಳಗೆ ಹೀರಿಕೊಂಡೂ ಮುಟ್ಟಿದವರಿಗೆ ಒದ್ದೆಯೆನಿಸದು. ಹೀರುವಾಗ ಕಿಂಚಿತ್ ಶಾಖವನ್ನು ಹೊರಗೂ ಬಿಡುತ್ತದೆ. ಸಂತೆಯಲ್ಲಿ ಹಗ್ಗಕ್ಕೆ ಸಾಲಾಗಿ ತೂಗುವ, ಬಣ್ಣಬಣ್ಣದ, ಉಣ್ಣೆಯೆಂದೇ ಕರೆಯಿಸಿಕೊಳ್ಳುವ ಟೋಪಿಗಳಲ್ಲಿ ಬಹುಪಾಲು ಅಕ್ರಿಲಿಕ್ ನೂಲಿನವು. ಅಕ್ರಿಲಿಕ್ಕಿನ ಪರವಾಗಿಯೂ ಹೇಳಬೇಕಾದ ಮಾತುಂಟು: ಅದು ಅಗ್ಗ, ಬೇಗ ಒಣಗುತ್ತದೆ, ನುಸಿ ಹಿಡಿಯುವುದಿಲ್ಲ. ಆದರೆ ಅದರ ಎಳೆ ತೇವವನ್ನು ಒಳಗೆ ಸೇರಿಸದು. ಬೆವರೂ ಮಳೆಹನಿಯೂ ಎಳೆಗಳ ನಡುವೆ ನಿಂತು ಚರ್ಮವನ್ನು ತಂಪಾಗಿಸುತ್ತವೆ, ಸಡಿಲ ಹೆಣಿಗೆಯ ಕಣ್ಣುಗಳಿಂದ ಗಾಳಿ ನಿರಾತಂಕವಾಗಿ ನುಗ್ಗುತ್ತದೆ. ಎರಡರ ಭೇದವನ್ನು ತಿಳಿಯಲು ಅಂಗಡಿಯವನ ಪ್ರಮಾಣವಚನ ಬೇಡ. ಟೋಪಿಯ ಅಂಚಿನಿಂದ ಒಂದು ಎಳೆಯನ್ನು ಕಿತ್ತು ಬೆಂಕಿಕಡ್ಡಿಯ ಉರಿಗೆ ಹಿಡಿಯಬೇಕು: ಉಣ್ಣೆಯಾದರೆ ಕೂದಲು ಸುಟ್ಟ ನಾತ ಬರುತ್ತದೆ, ಉರಿ ತಾನೇ ಆರುತ್ತದೆ, ಉಳಿದ ಕರಿಯ ಬೂದಿ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಅಕ್ರಿಲಿಕ್ಕಾದರೆ ಎಳೆ ಕರಗಿ ತೊಟ್ಟಿಕ್ಕಿ, ಆರಿದ ಮೇಲೆ ಉಗುರಿಗೂ ಜಗ್ಗದ ಗಟ್ಟಿ ಮಣಿಯಾಗುತ್ತದೆ.

ಈ ಶಾಸ್ತ್ರವೆಲ್ಲ ನಮ್ಮ ಕುರಿಗಾರರಿಗೆ ಹೊಸದೆಂದು ಭಾವಿಸಬಾರದು. ದಖನಿ ಕುರಿಯ ಕರಿಯ ಒರಟು ಉಣ್ಣೆಯನ್ನು ನೂತು, ಕುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿಯಿಂದ ಬಿಗಿಮಾಡಿದ ಕಂಬಳಿಯನ್ನು ಮಡಿಸಿ ಕೊಪ್ಪೆಯಾಗಿ ತಲೆಗೇರಿಸಿ, ದಿನವಿಡೀ ಸುರಿಯುವ ಮಳೆಯಲ್ಲಿ ಮಂದೆಯ ಹಿಂದೆ ನಿಂತವನ ಜ್ಞಾನ ಅನುಭವಸಿದ್ಧವಾದದ್ದು. ಆದರೆ ಕೊಪ್ಪೆ ನಿಂತವನ, ನಡೆಯುವವನ ಉಡುಪು. ಸೈಕಲ್ಲಿನ ಮೇಲೆ ಅದರ ಸೆರಗು ಚೈನಿಗೆ ಸಿಲುಕೀತು, ಅದರ ಅಂಚು ಇಕ್ಕೆಲದ ದೃಷ್ಟಿಯನ್ನು ಮರೆಮಾಡೀತು. ತೋಯ್ದ ಕಂಬಳಿಯ ಭಾರವಂತೂ ಬಲ್ಲವರಿಗೇ ಗೊತ್ತು. ಆದುದರಿಂದ ಕೊಪ್ಪೆಯಿಂದ ನಾವು ಸ್ವೀಕರಿಸಬೇಕಾದದ್ದು ಆಕಾರವನ್ನಲ್ಲ, ದ್ರವ್ಯವನ್ನು.

ಮಂಕಿ ಕ್ಯಾಪಿನ ಬಗ್ಗೆ ನನಗೆ ಪೂರ್ವಗ್ರಹವಿದೆ, ಅದನ್ನು ಮುಚ್ಚಿಡುವುದಿಲ್ಲ. 1854ರ ಕ್ರಿಮಿಯಾ ಯುದ್ಧದಲ್ಲಿ ಬಾಲಕ್ಲಾವಾದ ಶೀತದಲ್ಲಿ ನಡುಗುತ್ತಿದ್ದ ಸೈನಿಕರಿಗಾಗಿ ಇಂಗ್ಲೆಂಡಿನ ಗೃಹಿಣಿಯರು ಹೆಣೆದು ಕಳುಹಿಸಿದ ಶಿರೋವಸ್ತ್ರದ ವಂಶಜವದು. ಕಾವಲುಗಾರನಿಗೆ, ಬಸ್ಸಿನ ಕಿಟಕಿಯ ಪಕ್ಕ ಕುಳಿತವನಿಗೆ ಅದು ಸಾಧುವಾದೀತು. ಸೈಕಲ್ ಸವಾರನಿಗೆ ಮಾತ್ರ ಅಪಾಯಕರ. ಬಾಯಿಯ ಮುಂದಿನ ಭಾಗ ಉಸಿರಿನಿಂದ ನೆನೆಯುತ್ತದೆ, ಕನ್ನಡಕವಿದ್ದರೆ ಗಾಜು ಮಬ್ಬಾಗುತ್ತದೆ, ಕುತ್ತಿಗೆ ಹೊರಳಿಸಿ ಹಿಂದೆ ನೋಡಹೋದರೆ ತಲೆ ತಿರುಗಿದರೂ ಟೋಪಿ ತಿರುಗದೆ ಕಣ್ಣಿನ ಕಿಂಡಿ ಕೆನ್ನೆಗೆ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾದ ದೋಷ ಕಿವಿಯದು. ವಾಡಿ–ಶಹಾಬಾದ ರಸ್ತೆಯಲ್ಲಿ ಹಿಂದಿನಿಂದ ಬರುವುದು ಎತ್ತಿನ ಬಂಡಿಯಲ್ಲ, ಸಿಮೆಂಟ್ ತುಂಬಿದ ಲಾರಿ. ಚಳಿಯಲ್ಲೂ ಬರಿಗಿವಿಯಲ್ಲೇ ಹೊರಟಿದ್ದ ಕಾರ್ಮಿಕನೊಬ್ಬನನ್ನು ಕಾರಣ ಕೇಳಿದಾಗ, "ಕಿವಿ ಮುಚ್ಚಿದ್ರ ಹಿಂದಿನ ಲಾರಿ ಸಪ್ಪಳ ಕೇಳಂಗಿಲ್ರಿ" ಎಂದು ಅವನು ಕೊಟ್ಟ ಉತ್ತರದಲ್ಲಿ ಟೋಪಿ ತಯಾರಕರಿಗೆ ತಿಳಿಯದ ವಿವೇಕವಿತ್ತು. ಕಿವಿಯ ಮೇಲೆ ಒಂದೇ ಪದರ, ಒತ್ತೊತ್ತಾದ ತೆಳು ಹೆಣಿಗೆ, ಶಬ್ದವನ್ನು ಒಳಬಿಡುವಷ್ಟು ಹಗುರ: ಇದಿದ್ದರೆ ಅವನು ಬರಿಗಿವಿಯಲ್ಲಿ ಹೋಗಬೇಕಾಗಿರಲಿಲ್ಲ.

ಇನ್ನುಳಿದ ಲಕ್ಷಣಗಳು ಸಣ್ಣವು. ಹೆಲ್ಮೆಟ್ ಧರಿಸುವವರಿಗೆ ಅದರ ಕೆಳಗೆ ಸುಕ್ಕಿಲ್ಲದೆ ಕೂರುವ ಟೋಪಿಯೇ ಬೇಕು; ತುದಿಯಲ್ಲಿ ಕುಚ್ಚು, ನೆತ್ತಿಯಲ್ಲಿ ದಪ್ಪ ಹೊಲಿಗೆ ಇರಕೂಡದು. ಮಳೆಗೆ ಹುಬ್ಬಿನ ಮೇಲೆ ಎರಡು ಬೆರಳಗಲದ ಗಟ್ಟಿ ಅಂಚು ಚಾಚಿದ್ದರೆ ಹನಿ ಕಣ್ಣಿಗೆ ಇಳಿಯದು. ಟೋಪಿಯ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುವ ಉಪಾಯ ಹತ್ತು ನಿಮಿಷದ ದಾರಿಗೆ ಸರಿ. ಅದಕ್ಕಿಂತ ದೂರವಾದರೆ ಒಳಗಿನ ಬೆವರೇ ಮಳೆಯಾಗುತ್ತದೆ. ಒಗೆಯುವಾಗ ತಣ್ಣೀರು, ಹಿಂಡದೆ ಒತ್ತಿ ತೆಗೆದು ನೆರಳಿನಲ್ಲಿ ಚಪ್ಪಟೆಯಾಗಿ ಹರಡುವುದು.

ಸಿಮೆಂಟ್ ಕಾರ್ಖಾನೆಗಳು ಗೇಟಿನ ಒಳಗಿನ ಕೆಲಸಕ್ಕೆ ಹೆಲ್ಮೆಟ್ಟು, ಬೂಟುಗಳನ್ನು ಒದಗಿಸುತ್ತವೆ. ಗೇಟಿನವರೆಗಿನ ದಾರಿಯನ್ನು ಕಾರ್ಮಿಕನ ಸ್ವಂತ ವ್ಯವಹಾರವೆಂದು ಎಣಿಸುತ್ತವೆ. ಮೊದಲ ಪಾಳಿಗೂ ರಾತ್ರಿ ಪಾಳಿಗೂ ಸೈಕಲ್ಲಿನಲ್ಲಿ ಬರುವವರಿಗೆ ಒಂದೊಂದು ಉಣ್ಣೆಯ ಟೋಪಿ ಕೊಡುವುದರಿಂದ ಅವುಗಳ ಲೆಕ್ಕಪತ್ರ ಏರುಪೇರಾಗದು. ನೂಲನ್ನು ದೂರದಿಂದ ತರಿಸಬೇಕಾಗಿಯೂ ಇಲ್ಲ. ಕಂಬಳಿ ಕೊಳ್ಳುವವರು ಕಡಮೆಯಾಗಿ ದಖನಿ ಉಣ್ಣೆಗೆ ಬೆಲೆ ಕುಸಿದಿದೆ. ಮಾಂಸದ ಲಾಭಕ್ಕಾಗಿ ನೆಲ್ಲೂರು ಜಾತಿಯ ಉಣ್ಣೆಯಿಲ್ಲದ ಟಗರಿನೊಡನೆ ಕುರಿಗಳನ್ನು ಬೆರೆಸುತ್ತ ಹೋದಂತೆ ಆ ಉಣ್ಣೆಯೇ ವಿರಳವಾಗುತ್ತಲೂ ಇದೆ. ಅದು ಚುಚ್ಚುತ್ತದೆಂಬ ಆಕ್ಷೇಪ ನಿಜ. ಹಣೆಗೆ ತಾಗುವ ಅಂಚಿನ ಒಳಗೆ ಮೆತ್ತನೆಯ ಬಟ್ಟೆಯ ಪಟ್ಟಿಯೊಂದನ್ನು ಹೊಲಿದರೆ ಪರಿಹಾರವಾಗುವಷ್ಟೇ ನಿಜ. ತಾಲೂಕಿನ ಮಹಿಳಾ ಸಂಘಗಳಲ್ಲಿ ಹೆಣಿಗೆ ಬಲ್ಲ ಕೈಗಳಿವೆ. ಬೇಡಿಕೆಯನ್ನು ಮಾತ್ರ ದಸರೆಯ ಹೊತ್ತಿಗೇ ಕೊಡಬೇಕು; ಸಂಕ್ರಾಂತಿಗೆ ಕೈಸೇರಿದ ಟೋಪಿ ಆ ವರ್ಷ ನಾಲ್ಕಾರು ವಾರ ದುಡಿದು, ಮುಂದಿನ ದೀಪಾವಳಿಯ ತನಕ ನುಸಿಗುಳಿಗೆಯೊಡನೆ ಪೆಟ್ಟಿಗೆಯಲ್ಲಿ ಮಲಗಬೇಕಾಗುತ್ತದೆ.