ಐವತ್ತರ ಮೇಷ್ಟ್ರ ಕೈಗೆ ಟಿಇಟಿ ಗೈಡು

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಶಾಲೆಗಳ ಸ್ಟಾಫ್ ರೂಮಿನಲ್ಲಿ ವಯಸ್ಸಿನ ಗೆರೆ ಎಳೆಯಿತು. ಒಂದರಿಂದ ಎಂಟನೇ ತರಗತಿವರೆಗೆ ಪಾಠ ಮಾಡುವವರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರು ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು. ಅಷ್ಟು ಸೇವೆ ಉಳಿಯದವರು ಹಾಗೇ ಮುಂದುವರಿಯಬಹುದು, ಬಡ್ತಿ ಮಾತ್ರ ಕೇಳುವಂತಿಲ್ಲ. ಕರ್ನಾಟಕದಲ್ಲಿ ನಿವೃತ್ತಿ 60ಕ್ಕೆ. ಅಂದರೆ 52ರ ಮೇಷ್ಟ್ರು ಬಿ.ಇಡಿ ಮುಗಿಸಿದ ಮಗಳ ಪಕ್ಕದಲ್ಲಿ ಕೂತು ಅದೇ ಗೈಡು ಓದಬೇಕು!

ವೃತ್ತಿಯಲ್ಲಿನ ತೃಪ್ತಿ, ಸಂಕಟಗಳಿಗೂ ಇಂಥದೇ ವಯಸ್ಸಿನ ಗೆರೆಯಿದೆ. ಇಪ್ಪತ್ತೈದರ ವಯಸ್ಸಿನಲ್ಲಿ ಶಿಕ್ಷಕರ ಸಮಾಧಾನ ನಿಂತಿರುವುದು ನೌಕರಿ ಕಾಯಂ ಆಗುವುದರ ಮೇಲೆ, ಊರಿನ ಹತ್ತಿರ ವರ್ಗ ಸಿಗುವುದರ ಮೇಲೆ. ಹತ್ತು-ಹನ್ನೆರಡು ಸಾವಿರ ಗೌರವಧನಕ್ಕೆ ವರ್ಷವರ್ಷವೂ ಹೊಸದಾಗಿ ನೇಮಕಗೊಳ್ಳುವ ಅತಿಥಿ ಶಿಕ್ಷಕರ ಮುಂದೆ ವೃತ್ತಿತೃಪ್ತಿಯ ಮಾತೆತ್ತುವುದು ಕ್ರೌರ್ಯವೇ ಸರಿ.

ನಲವತ್ತರ ಹೊತ್ತಿಗೆ ಸಂಕಟ ಬೇರೆ. ಒಂದರಿಂದ ಏಳನೇ ತರಗತಿಗೆಂದು ನೇಮಕವಾದವರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮ ಒಂದರಿಂದ ಐದಕ್ಕೆ ಸೀಮಿತಗೊಳಿಸಿತು. ಪದವಿ ಇದ್ದೂ, ಇಪ್ಪತ್ತು ವರ್ಷದ ಸೇವೆ ಇದ್ದೂ ಪಿಎಸ್‌ಟಿ (ಪ್ರಾಥಮಿಕ ಶಾಲಾ ಶಿಕ್ಷಕ) ಎಂಬ ಹಣೆಪಟ್ಟಿ ಅಂಟಿತು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಅವರನ್ನು ಪ್ರತಿಭಟನೆಗೆ ಕರೆತಂದದ್ದು ಈ ಅವಮಾನ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಎನ್‌ಪಿಎಸ್‌ ಪಿಂಚಣಿಯ ಚಿಂತೆಯೂ ಜೊತೆಗಿದೆ.

ಇವೆಲ್ಲ ಬಗೆಹರಿದರೂ ಐವತ್ತರ ನಂತರ ಪಾಠದ ಮೇಲಿನ ಪ್ರೀತಿ ಉಳಿಯುವುದು ಹೇಗೆ? ಜಿನೀವಾದಲ್ಲಿದ್ದ ಸಂಶೋಧಕ ಮೈಕೆಲ್ ಹ್ಯೂಬರ್‌ಮನ್ 1980ರ ದಶಕದಲ್ಲಿ ಸುಮಾರು 160 ಪ್ರೌಢಶಾಲಾ ಶಿಕ್ಷಕರ ವೃತ್ತಿಬದುಕನ್ನು ಕೆದಕಿ ನೋಡಿದರು. ದೊಡ್ಡ ದೊಡ್ಡ ಸುಧಾರಣೆಗಳಿಗೆ ಹೆಗಲು ಕೊಟ್ಟವರಲ್ಲಿ ಹಲವರು ಕೊನೆಗೆ ಬೇಸತ್ತಿದ್ದರು. ತಮ್ಮ ತರಗತಿಯೊಳಗೇ ಸಣ್ಣಪುಟ್ಟ ಪ್ರಯೋಗ ಮಾಡುತ್ತ ಬಂದವರು ಹೆಚ್ಚು ನೆಮ್ಮದಿಯಾಗಿದ್ದರು.

ನಮ್ಮಲ್ಲೇ ಇದಕ್ಕೆ ಸಾಕ್ಷಿಯಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು, ತಾವೇ ಕೂತು ಹಾಡು, ಕಾರ್ಡು, ಕಲಿಕಾ ಏಣಿ ರೂಪಿಸಿದಾಗ ನಲಿ-ಕಲಿ ಪದ್ಧತಿ ಹುಟ್ಟಿತು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋಯಿತು. ಕಾರ್ಡು ಅದೇ, ಆದರೆ ಹೆಗ್ಗಡದೇವನಕೋಟೆಯ ಮೇಷ್ಟ್ರಿಗೆ ಸ್ವಂತ ಸೃಷ್ಟಿಯಾಗಿದ್ದದ್ದು ಬೀದರಿನ ಮೇಷ್ಟ್ರಿಗೆ ಮೇಲಿನಿಂದ ಬಂದ ಸುತ್ತೋಲೆ.

ಈಗ ಪ್ರಯೋಗಕ್ಕೆ ಸಮಯವಾದರೂ ಎಲ್ಲಿದೆ? ಎಸ್‌ಎಟಿಎಸ್ ತಂತ್ರಾಂಶದಲ್ಲಿ ಮಕ್ಕಳ ಮಾಹಿತಿ ನಮೂದು, ಹಾಲು-ಮೊಟ್ಟೆಯ ಲೆಕ್ಕ, ಮತಗಟ್ಟೆ ಕೆಲಸ. 2025ರ ದಸರಾ ರಜೆಯಂತೂ ಜಾತಿವಾರು ಸಮೀಕ್ಷೆಯ ಮನೆಮನೆ ಸುತ್ತಾಟದಲ್ಲೇ ಕಳೆಯಿತು.

ಸಂಬಳ, ವರ್ಗಾವಣೆ, ಬಡ್ತಿ ಸರ್ಕಾರ ತೀರಿಸಲೇಬೇಕಾದ ಬಾಕಿ. ಹಿರಿಯ ಶಿಕ್ಷಕರ ಬೋಧನೆ ಅಳೆಯಬೇಕಿದ್ದರೆ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ದಿನ ಕೂತು ನೋಡುವುದು ಟಿಇಟಿಯ ಬಹು ಆಯ್ಕೆ ಪ್ರಶ್ನೆಪತ್ರಿಕೆಗಿಂತ ಉತ್ತಮ ವಿಧಾನ. ಇದಕ್ಕೆ ಅವಕಾಶವಾಗುವಂತೆ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ತರಬೇಕೆಂದು ರಾಜ್ಯ ಸರ್ಕಾರ ಕೇಂದ್ರದ ಮೇಲೆ ಒತ್ತಡ ಹೇರಲಿ.