ಈ ಮದುವೆಗೇಕೆ ಕತ್ತಲೆ?



1982ರಲ್ಲಿ ರಾಜ್ ಕಪೂರರು ನಿರ್ದೇಶಿಸಿದ ‘ಪ್ರೇಮ್ ರೋಗ್’ ಎಂಬ ಹಿಂದೀ ಚಲನಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಠಾಕೂರ ಮನೆತನದ ಮನೋರಮೆ ಮದುವೆಯಾದ ಸ್ವಲ್ಪ ಕಾಲದಲ್ಲಿಯೇ ಗಂಡನನ್ನು ಕಳೆದುಕೊಳ್ಳುತ್ತಾಳೆ. ರಕ್ಷಿಸಬೇಕಾದ ಗಂಡನ ಮನೆಯಲ್ಲಿಯೇ ಅವಳ ಮಾನಕ್ಕೆ ಧಕ್ಕೆ ಬರುತ್ತದೆ. ಅವಳನ್ನು ಮೊದಲಿನಿಂದಲೂ ಪ್ರೀತಿಸಿದ್ದ ಬಡ ಯುವಕ ದೇವಧರನು ಕೈಹಿಡಿಯಲು ಮುಂದಾದರೆ ಮನೆತನದ ಗೌರವವು ಆಯುಧ ಹಿಡಿದು ಅಡ್ಡ ನಿಲ್ಲುತ್ತದೆ. ಪದ್ಮಿನಿ ಕೊಲ್ಹಾಪುರೆ ಮತ್ತು ಋಷಿ ಕಪೂರ್ ಅಭಿನಯಿಸಿದ ಈ ಚಿತ್ರವನ್ನು ಕಂಡು ಕಣ್ಣೀರಿಡದವರು ವಿರಳ. ಸಂತೋಷ. ಕಣ್ಣೀರು ಕೆಟ್ಟದ್ದಲ್ಲ. ಆದರೆ ಆ ಕಣ್ಣೀರನ್ನು ಒರೆಸಿಕೊಂಡ ಮೇಲೆ ನಮ್ಮವರು ಆಡುವ ಒಂದು ಮಾತಿದೆ. “ಪಾಪ, ಆ ಕಡೆಯವರಲ್ಲಿ ಎಂಥ ಕ್ರೌರ್ಯ! ನಮ್ಮಲ್ಲಿ ಹಾಗಿಲ್ಲ. ನಮ್ಮ ಹಿರಿಯರು ಎಂದೋ ಉಡಿಕಿಗೆ ಅವಕಾಶ ಕೊಟ್ಟಿದ್ದಾರೆ” ಎಂಬುದೇ ಆ ಮಾತು. ಈ ಲೇಖನ ಆ ಮಾತಿನ ಮೇಲೆ ಹೂಡಿದ ಜಗಳ.

ನಮ್ಮಲ್ಲಿ ಅವಕಾಶವಿತ್ತೆಂಬುದು ಸುಳ್ಳಲ್ಲ. ತಲೆ ಬೋಳಿಸಿ ಮಡಿಯ ಸೀರೆ ಉಡಿಸುವ ಪದ್ಧತಿ ನಮ್ಮ ಸಮಾಜದಲ್ಲಿ ಬೇರೂರಲಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯಲ್ಲಿಯೂ, ಪ್ರೇಮಾ ಕಾರಂತರು ಅದನ್ನಾಧರಿಸಿ ತೆಗೆದ ಚಲನಚಿತ್ರದಲ್ಲಿಯೂ ಕಾಣುವ ಬಾಲವಿಧವೆಯ ಬಾಳು ನಮ್ಮ ಮನೆಗಳ ಚಿತ್ರವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಬರೆಯಿಸಿದ ಗ್ಯಾಸೆಟಿಯರುಗಳು ಕೂಡ ಲಿಂಗವಂತರಲ್ಲಿ ವಿಧವೆಯ ಮರುಮದುವೆ ರೂಢಿಯಲ್ಲಿರುವುದನ್ನು ದಾಖಲಿಸಿವೆ. ಗುಲ್ವಾಡಿ ವೆಂಕಟರಾಯರು ವಿಧವಾವಿವಾಹವನ್ನು ಎತ್ತಿಹಿಡಿದು ‘ಇಂದಿರಾಬಾಯಿ’ ಕಾದಂಬರಿಯನ್ನು ಬರೆದದ್ದು 1899ರಲ್ಲಿ. ಅಂದು ಬೇರೆ ಸಮಾಜಗಳಲ್ಲಿ ಬಹಿಷ್ಕಾರಕ್ಕೆ ಕಾರಣವಾಗುತ್ತಿದ್ದ ಕಾರ್ಯವು ನಮ್ಮ ಹಳ್ಳಿಗಳ ಒಕ್ಕಲು ಮನೆಗಳಲ್ಲಿ ಸದ್ದಿಲ್ಲದೆ ನಡೆಯುತ್ತಿತ್ತು. ಹಸಿದು ಸಾಯಬೇಕಾಗಿದ್ದ, ಕಂಡವರ ಕಣ್ಣಿಗೆ ಗುರಿಯಾಗಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಉಡಿಕಿಯು ಒಂದು ಸೂರು ಕೊಟ್ಟಿತು. ಆ ಹಿರಿಯರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿ.

ಆದರೆ “ಸದ್ದಿಲ್ಲದೆ” ಎಂಬ ಶಬ್ದವನ್ನು ಗಮನಿಸಿರಿ. ವಾಚಕರೆ, ಉಡಿಕಿ ಎಂದರೇನು? ಹೆಸರೇ ಹೇಳುವಂತೆ ಸೀರೆ ಉಡಿಸುವುದು. ಎಲ್ಲಿ? ಮನೆಯ ಒಳಗೆ. ಯಾವಾಗ? ರಾತ್ರಿ, ಓಣಿ ಮಲಗಿದ ಮೇಲೆ. ಹಂದರವಿಲ್ಲ, ಅರಿಷಿಣವಿಲ್ಲ, ಸುರಗಿಯಿಲ್ಲ, ಬಾಸಿಂಗವಿಲ್ಲ, ಬಾಜಾ ಬಜಂತ್ರಿಯಿಲ್ಲ. ಮುತ್ತೈದೆಯರು ಆ ಕಡೆ ಮುಖ ಹಾಕುವಂತಿಲ್ಲ. ಗಂಡನನ್ನು ಕಳೆದುಕೊಂಡ ಮತ್ತೊಬ್ಬಳು ಬಂದು ತಾಳಿ ಕಟ್ಟಬೇಕು, ಬಳೆ ತೊಡಿಸಬೇಕು. ಬೆಳಗಾಗುವುದರೊಳಗೆ ಆಕೆ ಹೊಸ ಮನೆಯ ಹೊಸ್ತಿಲು ದಾಟಿರಬೇಕು. ಊರೂರಿಗೆ, ಒಳಪಂಗಡಕ್ಕೆ ತಕ್ಕಂತೆ ವಿವರಗಳಲ್ಲಿ ಹೆಚ್ಚುಕಡಿಮೆ ಇರಬಹುದು. ಕತ್ತಲೆಯೊಂದು ಮಾತ್ರ ಎಲ್ಲ ಕಡೆಗೂ ಸಮಾನ. ಇದನ್ನು ನಾವು “ಲಗ್ನ” ಎಂದು ಕರೆಯಲೇ ಇಲ್ಲ. ಲಗ್ನ ಬೇರೆ, ಉಡಿಕಿ ಬೇರೆ. ಅಂಥ ತಾಯಿಯ ಮಕ್ಕಳಿಗೆ ಸಂಬಂಧ ಬೆಳೆಸುವಾಗ ಬೀಗರು ಹಿಂದೆ ಮುಂದೆ ನೋಡಿದರು. ಅವಕಾಶವನ್ನು ಬಲಗೈಯಿಂದ ಕೊಟ್ಟೆವು, ಗೌರವವನ್ನು ಎಡಗೈಯಿಂದ ಕಸಿದುಕೊಂಡೆವು.

ಅದೇ ಮನೆಯಲ್ಲಿ ಹೆಂಡತಿ ಸತ್ತ ಗಂಡಸಿನ ಕಥೆಯೇನು? ನಾಲ್ಕಾರು ತಿಂಗಳು ಕಳೆಯುವುದರೊಳಗೆ ಹಿರಿಯರು ಹೆಣ್ಣು ನೋಡಲು ಹೊರಡುತ್ತಾರೆ. ಅವನಿಗೆ ಕನ್ಯೆಯೇ ಬೇಕು. ಹಂದರವೂ ಬೇಕು, ಬಾಜಾ ಬಜಂತ್ರಿಯೂ ಬೇಕು, ಹಗಲು ಹನ್ನೆರಡರ ಮುಹೂರ್ತವೂ ಬೇಕು. ಸಾವು ಒಂದೇ, ದುಃಖ ಒಂದೇ. ಒಬ್ಬರಿಗೆ ಅದು ಕೇವಲ ದುಃಖ, ಮತ್ತೊಬ್ಬರಿಗೆ ಕಳಂಕ. ಈ ತಕ್ಕಡಿಯನ್ನು ಯಾವ ಶರಣರು ನಮ್ಮ ಕೈಗೆ ಕೊಟ್ಟರು?

ಇಲ್ಲಿಯೇ ನಮ್ಮ ಧರ್ಮದ ಪ್ರಶ್ನೆ ಬರುತ್ತದೆ. ಪಂಚಸೂತಕಗಳನ್ನು ನಿರಾಕರಿಸಿದ್ದು ಶರಣಧರ್ಮದ ಹೆಗ್ಗಳಿಕೆಯೆಂದು ಪ್ರತಿಯೊಂದು ಪುರಾಣ-ಪ್ರವಚನದಲ್ಲಿ ಕೇಳುತ್ತೇವೆ. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ - ಈ ಐದೂ ಲಿಂಗಧಾರಿಗೆ ಇಲ್ಲ. ಪ್ರೇತಸೂತಕ ಇಲ್ಲವೆಂದರೆ ಸಾವು ಯಾರನ್ನೂ ಮೈಲಿಗೆ ಮಾಡುವುದಿಲ್ಲ ಎಂದರ್ಥ. ಹೆಣವನ್ನು ಹೊತ್ತವನಿಗೆ ಹನ್ನೆರಡು ದಿನದ ಸೂತಕವಿಲ್ಲವೆಂದು ಹೇಳುವ ನಾವು, ಆ ಹೆಣದ ಹೆಂಡತಿಗೆ ಬದುಕಿನುದ್ದಕ್ಕೂ ಸೂತಕವನ್ನು ಹೊರಿಸಿದ್ದೇವಲ್ಲ! ಎದುರಿಗೆ ಬಂದರೆ ಅಪಶಕುನ, ಆರತಿ ಹಿಡಿದರೆ ಅಮಂಗಳ, ಹಡೆದ ಮಗಳ ಮದುವೆಯಲ್ಲಿ ಅಕ್ಕಿಕಾಳು ಹಾಕಲೂ ಹಿಂಜರಿಕೆ. ಇದು ಪ್ರೇತಸೂತಕವಲ್ಲದೆ ಮತ್ತೇನು? ಮುಂಬಾಗಿಲಿನಿಂದ ಓಡಿಸಿದ ಸೂತಕವನ್ನು ಹಿತ್ತಲ ಬಾಗಿಲಿನಿಂದ ಕರೆತಂದು ಹೆಣ್ಣುಮಗಳ ಕೊರಳಿಗೆ ಕಟ್ಟಿದೆವು.

ಇನ್ನೂ ಒಂದು ವಿಚಾರ. ನಮ್ಮಲ್ಲಿ ಹೆಣ್ಣಿಗೂ ಲಿಂಗದೀಕ್ಷೆಯುಂಟು. ಗಂಡನು ಲಿಂಗೈಕ್ಯನಾದಾಗ ಆಕೆಯ ಬಳೆ ಒಡೆಯುತ್ತಾರೆ, ಕಾಲುಂಗುರ ತೆಗೆಯುತ್ತಾರೆ, ಕುಂಕುಮ ಅಳಿಸುತ್ತಾರೆ. ಆದರೆ ಕೊರಳಲ್ಲಿರುವ ಇಷ್ಟಲಿಂಗವನ್ನು ತೆಗೆಯುವ ಧೈರ್ಯ ಯಾರಿಗಿದೆ? ಹಣೆಯ ವಿಭೂತಿಯನ್ನು ಅಳಿಸುವ ಅಧಿಕಾರ ಯಾರಿಗಿದೆ? ಶರಣನು ಸತಿ, ಲಿಂಗವೇ ಪತಿ ಎಂಬ ಭಾವವನ್ನು ಗಂಡಿಗೂ ಹೆಣ್ಣಿಗೂ ಸಮನಾಗಿ ಬೋಧಿಸಿದ ಧರ್ಮ ನಮ್ಮದು. ಆ ಪತಿಗೆ ಸಾವಿಲ್ಲ. ಹಾಗಾದರೆ ಲಿಂಗಧಾರಿಣಿಯು ಅಮಂಗಳೆಯಾಗುವುದು ಹೇಗೆ? ಮಂಗಳವನ್ನು ಕೊರಳಲ್ಲಿಯೇ ಧರಿಸಿದವಳನ್ನು ಅಮಂಗಳೆಯೆನ್ನುವ ನಾಲಗೆ ಲಿಂಗವನ್ನೇ ನಿಂದಿಸುತ್ತದೆ.

ಕಲ್ಯಾಣದ ಹರಳಯ್ಯ ಮತ್ತು ಮಧುವರಸರ ವೃತ್ತಾಂತ ನಮಗೆ ಕಂಠಪಾಠವಾಗಿದೆ. ಸಮಗಾರನ ಮನೆಗೂ ಬ್ರಾಹ್ಮಣ ಮೂಲದ ಮಂತ್ರಿಯ ಮನೆಗೂ ಸಂಬಂಧ ಬೆಳೆಯಿತು. ಆ ಮದುವೆಗಾಗಿ ಅವರಿಬ್ಬರೂ ಪ್ರಾಣ ತೆತ್ತರು, ಕಲ್ಯಾಣವೇ ಹೊತ್ತಿ ಉರಿಯಿತು. “ರಾತ್ರಿ ನಾಲ್ಕು ಜನರ ನಡುವೆ ಮುಗಿಸಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ” ಎಂದು ಅಂದಿನ ಶರಣರು ಯೋಚಿಸಿದ್ದರೆ ಜೀವ ಉಳಿಯುತ್ತಿತ್ತೇನೋ. ಆದರೆ ಧರ್ಮ ಉಳಿಯುತ್ತಿರಲಿಲ್ಲ. ಸರಿಯೆಂದು ನಂಬಿದ ಮದುವೆಯನ್ನು ಹಗಲಿನಲ್ಲಿ, ಜನರೆದುರು ಮಾಡಬೇಕೆಂಬುದೇ ಆ ಬಲಿದಾನದ ಪಾಠ. ಆ ಶರಣರ ಹೆಸರು ಹೇಳಿಕೊಳ್ಳುವ ನಾವು ಇಂದು ಯಾರ ಆನೆಯ ಕಾಲಿಗೆ ಹೆದರುತ್ತಿದ್ದೇವೆ? ಎದುರು ಮನೆಯ ಮುದುಕಿಯ ಮಾತಿಗೆ!

ಕೆಲವರು ಕೇಳಬಹುದು: “ಈಗ ಉಡಿಕಿ ಎಲ್ಲಿದೆ? ಕಾಲ ಬದಲಾಗಿದೆಯಲ್ಲ?” ಹೆಸರು ಹಿಂದೆ ಸರಿಯುತ್ತಿರುವುದು ನಿಜ. ಈಗ ದೂರದ ಯಾವುದೋ ಗುಡಿಯಲ್ಲಿ ಎಂಟು ಹತ್ತು ಜನ ಕೂಡಿ ಮಾಲೆ ಹಾಕಿಸುತ್ತಾರೆ. ಲಗ್ನಪತ್ರಿಕೆ ಇರುವುದಿಲ್ಲ, ಊಟ ಇರುವುದಿಲ್ಲ, ಬಂಧುಗಳಿಗೆ ಸುದ್ದಿ ತಿಂಗಳ ಮೇಲೆ ತಲುಪುತ್ತದೆ. ರಾತ್ರಿಯ ಬದಲು ಹಗಲು ಬಂದಿದೆಯೇ ಹೊರತು ಕತ್ತಲೆ ಹೋಗಿಲ್ಲ.

ಮತ್ತೆ ಕೆಲವರದು ಆಸ್ತಿಯ ಚಿಂತೆ. ಬಾಯಿಬಿಟ್ಟು ಹೇಳದಿದ್ದರೂ ಅನೇಕ ಮನೆಗಳಲ್ಲಿ ನಿಜವಾದ ಅಡ್ಡಿ ಇದೇ. ಆಕೆ ಮರುಮದುವೆಯಾದರೆ ಹೊಲ ಬೇರೆ ಮನೆಗೆ ಹೋದೀತೆಂಬ ಭಯ. ಆದಕಾರಣವೇ ಮನಸ್ಸಿರಲಿ ಬಿಡಲಿ, ಮೈದುನನಿಗೆ ಉಡಿಕಿ ಮಾಡಿಸುವ ಹುನ್ನಾರ. ಕಾಯದೆಯ ಇತಿಹಾಸವೂ ಈ ಭಯಕ್ಕೆ ಬಹುಕಾಲ ಇಂಬು ಕೊಟ್ಟಿತೆಂಬುದನ್ನು ಒಪ್ಪಬೇಕು. ಈಶ್ವರಚಂದ್ರ ವಿದ್ಯಾಸಾಗರರ ಪ್ರಯತ್ನದಿಂದ ಬ್ರಿಟಿಷ್ ಹಿಂದುಸ್ಥಾನದಲ್ಲಿ 1856ರಲ್ಲಿ ಬಂದ ವಿಧವಾ ಪುನರ್ವಿವಾಹ ಕಾಯದೆಯು ಮದುವೆಗೆ ಮಾನ್ಯತೆ ಕೊಟ್ಟಿತು. ಆದರೆ ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯ ಮಟ್ಟಿಗೆ ಸತ್ತಂತೆಯೇ ಎಂದು ಬರೆಯಿತು. ರೂಢಿಯಿಂದಲೇ ಮರುಮದುವೆಯಿದ್ದ ಜಾತಿಗಳಿಗೂ ಈ ನಿಯಮ ತಟ್ಟುವುದೆಂದು ಮುಂಬಯಿ ಹೈಕೋರ್ಟು ತೀರ್ಮಾನಿಸಿದರೆ, ಅಲಾಹಾಬಾದ್ ಹೈಕೋರ್ಟು ತಟ್ಟುವುದಿಲ್ಲವೆಂದಿತು. ಸ್ವಾತಂತ್ರ್ಯಾನಂತರ 1956ರ ಹಿಂದೂ ಉತ್ತರಾಧಿಕಾರ ಕಾಯದೆಯು ವಿಧವೆಗೆ ಬಂದ ಆಸ್ತಿಯನ್ನು ಅವಳ ಪೂರ್ಣ ಸ್ವತ್ತಾಗಿ ಮಾಡಿತು. ಆ ಕಾಯದೆಯಲ್ಲಿ ಲಿಂಗಾಯತ, ವೀರಶೈವ ಎಂಬ ಹೆಸರುಗಳನ್ನು ಸ್ಪಷ್ಟವಾಗಿಯೇ ಬರೆದಿದೆ. ಹಳೆಯ 1856ರ ಕಾಯದೆ 1983ರಲ್ಲಿ ರದ್ದಾಯಿತು. ಮರುಮದುವೆಯಾದ ಸೊಸೆಗೆ ಮಾವನ ಆಸ್ತಿಯಲ್ಲಿ ಹಕ್ಕಿಲ್ಲವೆನ್ನುತ್ತಿದ್ದ 24ನೆಯ ಕಲಮನ್ನು 2005ರ ತಿದ್ದುಪಡಿ ತೆಗೆದುಹಾಕಿತು. ಗಂಡನ ಮರಣದೊಡನೆ ವಿಧವೆಗೆ ಬಂದ ಪಾಲು ಅವಳ ಮರುಮದುವೆಯಿಂದ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತಿತು. ನಮ್ಮ ವಕೀಲರಿಗೆ ಇದು ಗೊತ್ತಿದೆ. ಪಾಲಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಕೆಯನ್ನು ಕಳುಹಿಸುವ ಹಿರಿಯರಿಗೂ ಗೊತ್ತಿದೆ. ಗೊತ್ತಿಲ್ಲದಿರುವುದು ಆ ಹೆಣ್ಣುಮಗಳಿಗೆ ಮಾತ್ರ.

“ಮಕ್ಕಳ ಗತಿಯೇನು?” ಎಂಬುದು ಮತ್ತೊಂದು ಪ್ರಶ್ನೆ. ಇದು ಕುತರ್ಕವಲ್ಲ, ನ್ಯಾಯವಾದ ಕಳವಳ. ಬಿ. ಆರ್. ಚೋಪ್ರಾ ಅವರ ‘ಏಕ್ ಹೀ ರಾಸ್ತಾ’ 1956ರಷ್ಟು ಹಿಂದೆಯೇ ತಾಯಿಯ ಮರುಮದುವೆಯನ್ನು ಒಪ್ಪಿಕೊಳ್ಳಲಾಗದ ಹುಡುಗನ ಸಂಕಟವನ್ನು ತೋರಿಸಿತು. ಆದರೆ ಕಳವಳಕ್ಕೆ ಪರಿಹಾರ ಹುಡುಕಬೇಕೇ ಹೊರತು ಅದನ್ನು ಬೀಗವನ್ನಾಗಿ ಮಾಡಬಾರದು. ಮಕ್ಕಳ ಪಾಲು ಮಕ್ಕಳ ಹೆಸರಿಗೆ ಬರೆಯಿಸಿರಿ. ಅವರು ತಾಯಿಯೊಡನೆ ಹೋಗುವರೆಂಬುದನ್ನು ಬೀಗರೊಡನೆ ಮೊದಲೇ ಮಾತನಾಡಿರಿ. ಹೆಂಡತಿ ಸತ್ತವನಿಗೆ “ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಬೇಕು” ಎಂದು ಮದುವೆ ಮಾಡಿಸುವವರು, ಗಂಡ ಸತ್ತವಳಿಗೆ “ಮಕ್ಕಳಿದ್ದಾರಲ್ಲ, ಸಾಕು” ಎನ್ನುವುದು ಯಾವ ನ್ಯಾಯ?

ಚಲನಚಿತ್ರಗಳು ಸಮಾಜವನ್ನು ತಿದ್ದುತ್ತವೆಂದು ನಂಬಿ ಕುಳಿತುಕೊಳ್ಳುವಂತಿಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯನ್ನು ನೆನೆಯಿರಿ. ವಿಧವೆ ರಾಧಾಳ ಮರುಮದುವೆಗೆ ಮಾವನೇ ಮನಸ್ಸು ಮಾಡುತ್ತಾನೆ. ಇಷ್ಟಾದ ಮೇಲೆ ಕಥೆಗಾರರು ಆಕೆಯನ್ನು ಪ್ರೀತಿಸಿದವನನ್ನೇ ಸಾಯಿಸಿಬಿಟ್ಟರು. ಆಕೆ ಮರಳಿ ಕಿಟಕಿ ಮುಚ್ಚಿಕೊಂಡಳು. ಕಥೆಯಲ್ಲಿ ಕೂಡ ಆ ಹೆಣ್ಣಿನ ಹಂದರ ಏಳಲಿಲ್ಲ. ‘ಪ್ರೇಮ್ ರೋಗ್’ ಅಷ್ಟಾದರೂ ಮುಂದೆ ಬಂದಿತು. ಅದರ ಮುಂದಿನ ಕೆಲಸ ಪರದೆಯದಲ್ಲ, ನಮ್ಮದು.

ನೆರೆಯವರನ್ನು ನೋಡಿರಿ. ನಮ್ಮ ನಾಡಿನ ಗಡಿಗೆ ಸಮೀಪದಲ್ಲಿರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿಯ ಗ್ರಾಮ ಪಂಚಾಯತಿಯು 2022ರ ಮೇ ತಿಂಗಳಿನಲ್ಲಿ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ನಿಲ್ಲಿಸಲು ಠರಾವು ಮಾಡಿತು. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರ ಉಳಿದ ಹಳ್ಳಿಗಳಿಗೂ ಆ ಮಾದರಿಯನ್ನು ಅನುಸರಿಸಲು ತಿಳಿಸಿತು. ಒಂದು ಪಂಚಾಯತಿಗೆ ಸಾಧ್ಯವಾದದ್ದು ಗುರುಪೀಠಗಳಿರುವ, ಲಕ್ಷಗಟ್ಟಲೆ ಜನ ಸೇರುವ ಜಾತ್ರೆಗಳಿರುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಯ ನಮಗೆ ಅಸಾಧ್ಯವೆ? ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ನಮ್ಮ ಸೀಮೆಯದು. ಗುಡಿಯ ಶಿಲ್ಪವನ್ನು ನೋಡುವ ಆ ಕಣ್ಣುಗಳು ಮನೆಯ ಮೂಲೆಯಲ್ಲಿ ಕುಳಿತ ಇಪ್ಪತ್ತರ ಹರೆಯದ ಮಗಳನ್ನೂ ಒಮ್ಮೆ ನೋಡಲಿ. ಬಾಲ್ಯವಿವಾಹದ ಪಿಡುಗು ಇನ್ನೂ ಅಳಿಯದ ಪ್ರದೇಶವಿದು. ಬೇಗ ಮದುವೆ ಮಾಡಿದಷ್ಟೂ ಹರೆಯದ ವಿಧವೆಯರನ್ನು ನಾವೇ ಸೃಷ್ಟಿಸುತ್ತೇವೆಂಬುದನ್ನು ಮರೆಯಬಾರದು.

ಹಾಗೆಂದು ಎಲ್ಲ ವಿಧವೆಯರಿಗೂ ಮದುವೆ ಮಾಡಿಸಿಬಿಡಬೇಕೆಂಬುದು ನಮ್ಮ ವಾದವಲ್ಲ. ಒಬ್ಬಂಟಿಯಾಗಿ ಬಾಳುವೆನೆಂದರೆ ಆಕೆಯ ಇಚ್ಛೆ ಪೂಜ್ಯ. ಅಕ್ಕಮಹಾದೇವಿಯನ್ನು ತಾಯಿಯೆಂದು ಒಪ್ಪಿದ ಸಮಾಜಕ್ಕೆ ಹೆಣ್ಣಿನ ಸ್ವಂತ ನಿರ್ಧಾರದ ಬೆಲೆಯನ್ನು ಕಲಿಸಬೇಕಾಗಿಲ್ಲ. ನಾವು ಕೇಳುವುದಿಷ್ಟೆ: ಮದುವೆಯಾಗುವೆನೆಂದವಳಿಗೆ ಅದು ಉಡಿಕಿಯಾಗದೆ ಲಗ್ನವೇ ಆಗಲಿ.

ಮಠದ ಪ್ರಸಾದ ಉಂಡು, ಮಠದ ಅಕ್ಷರ ಕಲಿತು ಇಂದು ಶಿಕ್ಷಕರೂ ವಕೀಲರೂ ಅಧಿಕಾರಿಗಳೂ ವ್ಯಾಪಾರಸ್ಥರೂ ಆಗಿರುವ ಹಳೆಯ ವಿದ್ಯಾರ್ಥಿಗಳೆ, ಈ ಕಾರ್ಯಕ್ಕೆ ನಿಮಗಿಂತ ಯೋಗ್ಯರು ಯಾರು? ನಿಮ್ಮ ಮನೆಯಲ್ಲಿ ಇಂಥ ಮಂಗಳಕಾರ್ಯ ಒದಗಿದರೆ ಲಗ್ನಪತ್ರಿಕೆ ಅಚ್ಚು ಹಾಕಿಸಿರಿ. ಹಗಲಿನಲ್ಲಿ ಹಂದರ ಹಾಕಿರಿ. ಪಂಚಕಲಶವಿಟ್ಟು ಗುರುಗಳ ಸನ್ನಿಧಿಯಲ್ಲಿ ಮಾಡಿಸಿರಿ. ವಿವಾಹವನ್ನು ನೋಂದಣಿ ಮಾಡಿಸಿರಿ. ಮುತ್ತೈದೆಯರೂ ವಿಧವೆಯರೂ ಒಂದೇ ಸಾಲಿನಲ್ಲಿ ನಿಂತು ಆರತಿ ಬೆಳಗಲಿ. ಜಾತ್ರೆಗಳ ಸಾಮೂಹಿಕ ವಿವಾಹಗಳಲ್ಲಿ ಇಂಥ ಜೋಡಿಗಳಿಗೆ ಬೇರೆ ಮೂಲೆ ಬೇಡ, ಬೇರೆ ಘೋಷಣೆಯೂ ಬೇಡ. ಎಲ್ಲರ ನಡುವೆ ಅವರೂ ಕುಳಿತುಕೊಳ್ಳಲಿ. ಗುರುವರ್ಗದವರಲ್ಲಿಯೂ ನಮ್ಮದೊಂದು ವಿನಂತಿ: ಉಡಿಕಿಯ ಮನೆಗೆ ರಾತ್ರಿ ಒಬ್ಬ ಅಯ್ಯನವರನ್ನು ಕಳುಹಿಸುವ ಬದಲು, ಆ ವಧೂವರರನ್ನು ಹಗಲಿನಲ್ಲಿ ಮಠಕ್ಕೆ ಕರೆಯಿಸಿಕೊಂಡು ಎಲ್ಲರ ಎದುರಿನಲ್ಲಿ ಹರಸಬೇಕು. ಗುರುವಿನ ಹಸ್ತ ಬಿದ್ದ ತಲೆಯ ಮೇಲೆ ಊರಿನ ನಾಲಗೆ ಬಹುಕಾಲ ಆಡಲಾರದು.

ವಾಚಕರೆ, ವಿಧವೆಗೆ ಮರುಮದುವೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಎಂದೋ ಬಗೆಹರಿಸಿದರು. ಅದಕ್ಕೆ ಬೆಳಕು ಇದೆಯೋ ಇಲ್ಲವೋ ಎಂಬುದನ್ನು ಬಗೆಹರಿಸುವ ಹೊಣೆ ನಮ್ಮದು. ದೀಪ ಹಚ್ಚಲು ಹೆದರುವವರು ಜ್ಯೋತಿಯ ಮಾತನಾಡಬಾರದು.